ಕೋಟಿಗೆ ಹೂ ಚುಚ್ಚುವ ಮಾವ

ನನ್ನನ್ನು ಮದುವೆಯಾಗಲು ಒಲ್ಲೆ ಎಂದ ಮೊದಲ ಗಂಡಸು ನಮ್ಮ ಸೋದರಮಾವ. ಇದನ್ನು ಕೇಳಿ ನೀವು ಮರುಕಪಡುವುದೇನೂ ಬೇಡ. ನಮ್ಮ ಕಡೆ ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು ನಡೆದು ಬಂದ ರೂಢಿ. ನಮ್ಮವ್ವ ನಾನು ತೊಟ್ಟಿಲಲ್ಲಿದ್ದಾಗಲೇ ಇವಳು ನನ್ನ ತಮ್ಮನಿಗೆ ಎಂದು ಗೊತ್ತುಮಾಡಿಬಿಟ್ಟಿದ್ದಳು. ನಾನು ಪಿಯುಸಿ ಮುಗಿಸಿದ ಬೇಸಿಗೆಯಲ್ಲಿ ಅವಳು ಮಾತು ತೆಗೆದಾಗ, ಮಾವ ಮುದ್ದೆ ಮುರಿಯುತ್ತಾ, "ಅಕ್ಕ, ಇದರ ಸಿಂಬಳ ನಾನು ಒರೆಸಿವ್ನಿ ಕಣಕ್ಕ. ಸಿಂಬಳ ಒರೆಸಿದ ಕೈಲಿ ತಾಳಿ ಕಟ್ಟುಸ್ತೀಯಾ?" ಎಂದು ಕೇಳಿದ. ಮದುವೆ ತಪ್ಪಿದ್ದಕ್ಕೆ ನನಗೆ ಸಮಾಧಾನವೇ ಆಯಿತು. ಆದರೆ ಕಾರಣ ಸಿಂಬಳ ಅಂತಲೇ ಹೇಳಬೇಕಿತ್ತೇ? ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಗೆ ಒಂದು ಮರ್ಯಾದೆ ಅಂತ ಇರುತ್ತದಲ್ಲ.

ಅವತ್ತಿನಿಂದ ತಮ್ಮನಿಗೆ ಹೆಣ್ಣು ಹುಡುಕುವುದೇ ನಮ್ಮವ್ವನ ಕಸುಬಾಯಿತು. ಪಾಂಡವಪುರದ ನಮ್ಮ ಮನೆಗೆ ಯಾರೇ ಬರಲಿ, ಕಾಫಿ ಲೋಟ ಕೆಳಗಿಡುವುದರೊಳಗೆ ಅವರ ನೆಂಟರಲ್ಲಿ ವಯಸ್ಸಿಗೆ ಬಂದ ಹೆಣ್ಣುಗಳ ವಿಚಾರ ಅವಳ ಬಾಯಲ್ಲಿರುತ್ತಿತ್ತು. ಮಾವ ಒಂದೊಂದು ಹೆಣ್ಣಿಗೂ ಒಂದೊಂದು ನೆಪ ಹೇಳುತ್ತಿದ್ದ. ಕೊನೆಗೆ ನೆಪಗಳೂ ಮುಗಿದುಹೋದಾಗ ನಿಜ ಹೇಳಿದ. "ಮದ್ವೆ ಗಂಡಿನ ಎದೆ ಹತ್ರ ನಿಂತು ದಿನಾ ನೋಡೋನು ನಾನು. ಆ ಎದೆ ಹೊಡ್ಕೊಳೋದು ಕೇಳಿಸ್ಕೊಂಡ್ರೆ ನೀನೂ ಗಂಡಸಾಗಿದ್ರೆ ಮದ್ವೆ ಆಗ್ತಿರ್ನಿಲ್ಲ ಕಣಕ್ಕ."

ಗಂಡಿನ ಎದೆಯ ಹತ್ತಿರ ಇವನಿಗೇನು ಕೆಲಸ ಅಂದಿರಾ? ನಮ್ಮ ಮಾವ ಕೋಟಿನ ಹೂವು ಮಾಡುತ್ತಿದ್ದ. ಆರತಕ್ಷತೆಯ ಸಂಜೆ ಗಂಡು ಸೂಟು ತೊಟ್ಟು ನಿಂತಾಗ ಅವನ ಎಡಗಡೆ ಕಾಲರಿನ ಮೇಲೆ ಒಂದು ಮೊಗ್ಗು, ಎರಡು ಎಲೆ ಕಾಣುತ್ತವಲ್ಲ, ಅದು. ಊಟದ ಸಾಲಿಗೆ ಓಡುವವರು ಯಾರೂ ಅದನ್ನು ನೋಡುವುದಿಲ್ಲ. ನೋಡಿದವರು ನೆನಪಿಟ್ಟುಕೊಳ್ಳುವುದಿಲ್ಲ. ಅಂಥದ್ದನ್ನೇ ಆಯ್ದುಕೊಂಡು, ಶ್ರೀರಂಗಪಟ್ಟಣದಲ್ಲಿ ಒಂದು ಸಣ್ಣ ಮನೆ ಹಿಡಿದು, ಬದುಕೆಲ್ಲ ಅದನ್ನೇ ಮಾಡಿದ. ಹಾರ ಕಟ್ಟು ಅಂದರೆ ಕಟ್ಟುತ್ತಿರಲಿಲ್ಲ. ಜಡೆಗೆ ಮೊಗ್ಗಿನ ಕುಚ್ಚು ಮಾಡಿಕೊಡು ಅಂದರೆ, "ಎಂಗುಸ್ರಿಗೆ ಊವ ಮಾಡೋರು ಊರೆಲ್ಲ ಅವ್ರೆ. ಗಂಡಸ್ರಿಗೆ ಯಾರವ್ರೆ?" ಎನ್ನುತ್ತಿದ್ದ.

ಅಕ್ಕಿಹೆಬ್ಬಾಳಿನಲ್ಲಿದ್ದ ಅವನ ಅಣ್ಣನಿಗೆ ಇದು ತಲೆ ತಗ್ಗಿಸುವ ಮಾತು. ಹೇಮಾವತಿ ದಡದ ಜಮೀನು, ಮಾಕವಳ್ಳಿ ಕಾರ್ಖಾನೆಗೆ ಹೋಗುವ ಕಬ್ಬು, ಊರಲ್ಲಿ ಒಂದು ಹೆಸರು. ಅಂಥ ಮನೆಯ ಹುಡುಗ ಸೂಜಿ ನೂಲು ಹಿಡಿದು ಕೂತಿದ್ದಾನೆ ಅಂದರೆ ಹೇಗಾಗಬೇಡ? ಬೇಸಿಗೆಯಲ್ಲಿ ತೋಟದ ಪಂಪ್‌ಸೆಟ್ ಮೋಟಾರು ಸುಟ್ಟುಹೋಗಿ ಮನೆಯವರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಮಾವ ಬಸ್ಸಿಳಿದು ಬಂದು, "ಅಣ್ಣ, ಸುಟ್ಟ ಕಾಯಿಲ್ಲು ಎಲ್ಲಿಟ್ಟಿದ್ದೀಯೆ?" ಎಂದು ಕೇಳಿದನಂತೆ. ಆ ಕಾಯಿಲ್ಲಿನ ಸಣ್ಣ ತಾಮ್ರದ ತಂತಿಯೇ ಅವನ ಹೂವಿಗೆ ಬೆನ್ನೆಲುಬು. ಕೋಲು ಹಿಡಿದು ಅಟ್ಟಿಸಿಕೊಂಡು ಬಂದ ಅಣ್ಣನ ಮುಂದೆ ಓಡುತ್ತಿದ್ದವನ ಕಂಕುಳಲ್ಲಿ ಆ ಕಾಯಿಲ್ಲು ಇತ್ತು.

ಈ ಹುಚ್ಚು ಹತ್ತಿದ್ದು ಮೈಸೂರಿನಲ್ಲಿ. ಹುಡುಗನಾಗಿದ್ದಾಗ ಅಲ್ಲೊಂದು ಫೋಟೋ ಸ್ಟುಡಿಯೋದಲ್ಲಿ ದೀಪ ಹಿಡಿಯುವ ಕೆಲಸಕ್ಕಿದ್ದನಂತೆ. ಬಂದ ಗಂಡುಗಳಿಗೆಲ್ಲ ತೊಡಿಸಲು ಅಲ್ಲಿ ಒಂದು ಕೋಟು, ಆ ಕೋಟಿನ ಮೇಲೆ ಒಂದು ಪ್ಲಾಸ್ಟಿಕ್ ಗುಲಾಬಿ. ಬೆಳಗಿನಿಂದ ಸಂಜೆಯವರೆಗೆ ಅದೇ ಗುಲಾಬಿ ಒಬ್ಬನ ಎದೆಯಿಂದ ಇನ್ನೊಬ್ಬನ ಎದೆಗೆ. ಅದರ ಮೇಲೆ ಕೂತ ದೂಳನ್ನು ಒರೆಸುವುದೂ ಇವನ ಕೆಲಸ. "ಊರಿನ ಗಂಡುಗಳ್ಗೆಲ್ಲ ಅದೊಂದೇ ಗುಲಾಬಿ ಎಂಡ್ತಿ ಆದಂಗಾಯ್ತಲ್ಲ ಅನ್ನುಸ್ತು, ಬುಟ್ಟು ಬಂದೆ" ಎಂದು ಹೇಳುತ್ತಿದ್ದ.

ಅವನ ಹೂವಿಗೆ ಕಟ್ಟುಪಾಡು ಬಹಳ. ಮೊಗ್ಗು ಅರ್ಧ ಬಿರಿದಿರಬೇಕು. ತೊಟ್ಟಿನ ತುದಿಗೆ ಒದ್ದೆ ಹತ್ತಿ, ಅದರ ಮೇಲೆ ತಂತಿ, ತಂತಿ ಕಾಣದ ಹಾಗೆ ಬಾಳೆನಾರು ಸುತ್ತಬೇಕು. ಪಕ್ಕಕ್ಕೆ ಒಂದು ಎಸಳು ಮರುಗ. ಒಮ್ಮೆ ಕೆ.ಆರ್. ಪೇಟೆಯ ಛತ್ರದಲ್ಲಿ ಮರುಗ ಬಾಡಿಹೋಗಿತ್ತು ಅಂತ ಅಡುಗೆಮನೆಗೆ ನುಗ್ಗಿ ಕರಿಬೇವು ತಂದು ಕಟ್ಟಿಬಿಟ್ಟ. ಆ ಗಂಡು ಆರತಕ್ಷತೆ ಪೂರ್ತಿ ಒಗ್ಗರಣೆಯ ವಾಸನೆ ಬೀರುತ್ತಾ ನಿಂತಿತ್ತು. ಪಕ್ಕದಲ್ಲಿದ್ದ ಹುಡುಗಿ, ಪಾಪ, ಬೆಳಗಿನಿಂದ ಏನೂ ತಿಂದಿರಲಿಲ್ಲವೋ ಏನೋ, ಊಟಕ್ಕೆ ಯಾವಾಗ ಕರೆಯುತ್ತಾರೆ ಅಂತ ಮತ್ತೆ ಮತ್ತೆ ಕೇಳುತ್ತಿದ್ದಳಂತೆ.

ಇನ್ನೊಂದು ಕಟ್ಟುಪಾಡು ಇನ್ನೂ ವಿಚಿತ್ರ. ಹೂವು ಚುಚ್ಚುವ ಮೊದಲು ಮಾವ ತನ್ನ ಅಂಗೈಯನ್ನು ಗಂಡಿನ ಎದೆಯ ಮೇಲಿಟ್ಟು, ಬಡಿತ ಎಲ್ಲಿ ಜೋರಾಗಿ ಸಿಗುತ್ತದೋ ಅಲ್ಲೇ ಹೂವು ಬರಬೇಕು ಎನ್ನುತ್ತಿದ್ದ. ಕಾಲರಿನ ಕಾಜ ಎಲ್ಲೋ ಇರುತ್ತದೆ, ಗಂಡಿನ ಎದೆ ಇನ್ನೆಲ್ಲೋ ಹೊಡೆದುಕೊಳ್ಳುತ್ತದೆ. ಅಲ್ಲೇ ಹೊಸ ಕಾಜ ಕೊರೆಯಲು ಜೇಬಿನಲ್ಲಿ ಯಾವಾಗಲೂ ಒಂದು ಬ್ಲೇಡು. ಪಾಂಡವಪುರದ ಒಂದು ಛತ್ರದಲ್ಲಿ ಹುಡುಗಿಯ ಅಪ್ಪ ಬಾಗಿಲು ತೆಗೆದು ನೋಡುತ್ತಾನೆ, ಯಾವನೋ ಒಬ್ಬ ತನ್ನ ಅಳಿಯನನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಒಂದು ಕೈ ಎದೆಯ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಬ್ಲೇಡು ಹಿಡಿದಿದ್ದಾನೆ. ಆಮೇಲೆ ಆದದ್ದನ್ನು ನಾನು ಹೇಳಬೇಕಾಗಿಲ್ಲ. ನಾಲ್ಕಾರು ಜನ ಸೇರಿ ಮಾವನನ್ನು ನೆಲಕ್ಕೆ ಕೆಡವಿದರು. ಅವರ ಕಾಲಡಿಯಿಂದ ಮಾವನ ದನಿ ಬಂತು. "ಒದಿರಪ್ಪ, ಒದಿರಿ. ಊವ ತುಳೀಬ್ಯಾಡಿ."

ಬಾಯಂತೂ ಅಪಶಕುನದ ಬಾಯಿ. ಹೂವು ಚುಚ್ಚಿ ಮುಗಿಸಿ ಗಂಡಿಗೆ, "ಇದು ಬೆಳಗಾಗೋದ್ರೊಳಗೆ ಸಾಯ್ತದೆ. ನೀವು ಬಾಳ್ಕಳಿ" ಎನ್ನುವುದು ಅವನ ಆಶೀರ್ವಾದ. ಹಿರಿಯರು ಕೇಳಿಸಿಕೊಂಡರೆ ಉಗಿಯುತ್ತಿದ್ದರು. ಅವನಿಗೆ ಸಾವಿನ ಮಾತು ಸಲೀಸು. ಇರದೆ ಏನು? ಅವನ ಮನೆ ಇದ್ದದ್ದು ಪಶ್ಚಿಮವಾಹಿನಿಗೆ ಹೋಗುವ ದಾರಿಯಲ್ಲಿ. ಮಡಕೆಯಲ್ಲಿ ಬೂದಿ ಹಿಡಿದುಕೊಂಡು ಎಲ್ಲೆಲ್ಲಿಂದಲೋ ಬರುವವರು ದಿನ ಬೆಳಗಾದರೆ ಅವನ ಬಾಗಿಲ ಮುಂದೆಯೇ ನಿಂತು ನದಿಗೆ ದಾರಿ ಕೇಳುತ್ತಿದ್ದರು. ಬೆಳಗ್ಗೆ ಅವರಿಗೆ ದಾರಿ ತೋರಿಸಿ, ಸಂಜೆ ಛತ್ರಕ್ಕೆ ಹೋಗುತ್ತಿದ್ದ. ಆದರೆ ಸಾವಿಗೆ ಮಾತ್ರ ಒಂದು ಎಸಳೂ ಕಟ್ಟಿದವನಲ್ಲ.

ಒಂದು ಸಲ ಕಟ್ಟಬೇಕಾಗಿ ಬಂತು. ಬೆಳಗ್ಗೆ ಬೈಕಿನಲ್ಲಿ ಒಬ್ಬ ಬಂದು ಕೋಟಿನ ಹೂವು ಬೇಕು ಎಂದ. ಮಾವ ತಲೆ ಎತ್ತದೆ, "ಸಂಜೆಗೆ ಗಂಡ್ನ ಕರ್ಕೊಂಡ್ ಬಾ. ಎದೆ ನೋಡ್ದೆ ನಾನ್ ಚುಚ್ಚಾಕಿಲ್ಲ" ಅಂದನಂತೆ. ಬಂದವನು, "ಸಂಜೆಗಂಟ ಇಟ್ಕೊಳಾಕಾಗಲ್ಲ ಅಣ್ಣ" ಎಂದ. ಮದುವೆ ಗೊತ್ತಾಗಿ ಕೋಟು ಹೊಲಿಸಿಟ್ಟಿದ್ದ ಹುಡುಗ, ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿದ್ದ. ಮದುವೆಯಾಗದ ಗಂಡು ಸತ್ತರೆ ನಮ್ಮಲ್ಲಿ ಕೆಲವು ಮನೆಗಳಲ್ಲಿ ಹಾಗೇ ಕಳಿಸುವುದಿಲ್ಲ. ಒಂದು ಎಕ್ಕದ ಗಿಡ ತಂದು, ಹೆಣದ ಕೈ ಮುಟ್ಟಿಸಿ ಅದಕ್ಕೆ ಅರಿಶಿನದ ಕೊಂಬಿನ ತಾಳಿ ಕಟ್ಟಿಸಿ, ಮದುವೆಯಾದವನು ಅನ್ನಿಸಿಯೇ ಕಳಿಸುತ್ತಾರೆ. ಆ ಮದುವೆಗೆ ಮಗ ಹೂವು ಇಲ್ಲದ ಕೋಟಿನಲ್ಲಿ ಕೂರಬಾರದು ಎಂದು ತಾಯಿ ಹಟ ಹಿಡಿದಿದ್ದಳು.

ಮಾವ ಹೋದ. ಹುಡುಗನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರಂತೆ. ಅಭ್ಯಾಸ ನೋಡಿ, ಮಾವ ಅವನ ಎದೆಯ ಮೇಲೂ ಅಂಗೈ ಇಟ್ಟುಬಿಟ್ಟಿದ್ದಾನೆ. ಇಟ್ಟ ಮೇಲೆ ತೆಗೆಯಲು ಆಗಿಲ್ಲ. ಆ ಮನೆಯವರಲ್ಲೊಬ್ಬರು ಬಂದು ಕೈ ಬಿಡಿಸಬೇಕಾಯಿತಂತೆ.

ಅಲ್ಲಿಂದ ನೇರವಾಗಿ ಪಾಂಡವಪುರಕ್ಕೆ ಬಂದು ನಮ್ಮ ಜಗಲಿಯ ಮೇಲೆ ಕೂತ. ಸಾವಿನ ಮನೆಯಿಂದ ಬಂದವನು, ಸ್ನಾನವಿಲ್ಲ, ಒಳಗೂ ಬರುತ್ತಿಲ್ಲ. ಅವ್ವ ಬಿಸಿನೀರು ತಂದಿಟ್ಟಳು. ಅದನ್ನು ಮುಟ್ಟದೆ ಹೇಳಿದ.

"ಅಕ್ಕ, ಆ ಎಕ್ಕದ ಬೇರು ಕಿತ್ಕೊಂಡು ಬಂದು, ಕುತ್ಗೆಗೆ ತಾಳಿ ಕಟ್ಟಿ, ಅದೇ ಗಳಿಗೇಲಿ ಮುಂಡೆ ಮಾಡಿ, ಮಚ್ಚಲ್ಲಿ ಕಡಿದು ಬಿಸಾಕುದ್ರು ಕಣಕ್ಕ. ಮೊಗ್ಗು ಬುಟ್ಟಿತ್ತು ಅದು."

"ಸಾಸ್ತ್ರ ಕಣ್ಲಾ ಅದು. ಎದ್ದು ನೀರು ಉಯ್ಕೊ."

"ನಂಗೆ ಮಾಡುಸ್ಬ್ಯಾಡ ಅದ. ಮಾತು ಕೊಡು."

"ಬುಡ್ತು ಅನ್ನು. ನನ್ನ ಮುಂದೆ ನೀನ್ಯಾಕ್ಲಾ ಸಾಯ್ತೀಯೆ?"

ಅವ್ವ ಮಾತು ಕೊಡಲಿಲ್ಲ. ಅವಳಿಗೆ ಅದು ಬರೀ ಶಾಸ್ತ್ರವಾಗಿರಲಿಲ್ಲ. ಒಂಟಿಯಾಗಿ ಹೋದವರಿಗೆ ಆ ಕಡೆ ದಾರಿ ಸಿಗುವುದಿಲ್ಲ, ಹಿಂದಕ್ಕೂ ಬರಲಾರದೆ ಮುಂದಕ್ಕೂ ಹೋಗಲಾರದೆ ನಿಂತೇ ಇರುತ್ತಾರೆ ಎಂದು ಅವಳು ಪೂರ್ತಿ ನಂಬಿದ್ದಳು. ತಮ್ಮನಿಗೆ ಹೆಣ್ಣು ಹುಡುಕಿ ಹುಡುಕಿ ಚಪ್ಪಲಿ ಸವೆಸಿದ್ದು ಯಾಕೆ ಅಂತ ನನಗೆ ಅವತ್ತು ಗೊತ್ತಾಯಿತು. ವಂಶ ಬೆಳೆಯಲಿ ಅಂತಲ್ಲ, ತಮ್ಮ ದಾರಿ ತಪ್ಪಬಾರದು ಅಂತ.

ಹೋದ ವರ್ಷ ಮಾವನ ಹೊಟ್ಟೆಯಲ್ಲಿ ಗೆಡ್ಡೆ ಕಾಣಿಸಿತು. ಮೈಸೂರಿನ ಡಾಕ್ಟರು ಅವನನ್ನು ಹೊರಗೆ ಕೂರಿಸಿ ನನಗೂ ಅವ್ವನಿಗೂ ಹೇಳಿದರು, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಅಂತ. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಹೊರಗೆ ಬಂದರೆ ಮಾವ ಕೇಳಿದ, "ಏನಂತೆ, ಅರ್ಧ ಬಿರಿದದೋ, ಪೂರ್ತಿ ಬಿರಿದದೋ?" ನನಗೆ ನಗು ಬಂತು, ನಕ್ಕಿದ್ದಕ್ಕೆ ಮೈಯೆಲ್ಲ ಉರಿಯಿತು. ಅವ್ವ ಪಾಂಡವಪುರದ ಮನೆಗೆ ಬೀಗ ಹಾಕಿ, ಬಟ್ಟೆ ಗಂಟು ಕಟ್ಟಿಕೊಂಡು ಶ್ರೀರಂಗಪಟ್ಟಣಕ್ಕೆ ಬಂದು ತಮ್ಮನ ಮನೆ ಸೇರಿದಳು. ನಾನು ನಾಗಮಂಗಲದ ಹೈಸ್ಕೂಲಿನಲ್ಲಿ ಟೀಚರು, ರಜೆ ಸಿಕ್ಕಾಗಲೆಲ್ಲ ಹೋಗಿ ಬರುತ್ತಿದ್ದೆ.

ಹೀಗೆ ಒಂದು ಭಾನುವಾರ ಹೋದರೆ ಹಿತ್ತಲಲ್ಲಿ ಅಕ್ಕ ತಮ್ಮನ ಜಗಳ ನಡೆಯುತ್ತಿತ್ತು. ಅವ್ವನ ಕೈಯೆಲ್ಲ ಮಣ್ಣು. ಪಾತ್ರೆ ತೊಳೆಯುವ ಕಲ್ಲಿನ ಪಕ್ಕದಲ್ಲಿ ಒಂದು ಎಕ್ಕದ ಗಿಡ ಹೊಸದಾಗಿ ಬಂದು ನಿಂತಿತ್ತು.

"ಏನಕ್ಕ ಇದು?"

"ಗಿಡ."

"ಯಾವ್ ಗಿಡ ಅಂತ ಗೊತ್ತು. ಇಲ್ಯಾಕೆ?"

"ಶನಿವಾರ ಆಂಜನೇಯಂಗೆ ಊವ ಬೇಕಿತ್ತು."

"ಆಂಜನೇಯ ಬ್ರಮ್ಮಚಾರಿ ಕಣಕ್ಕ. ಅವನ್ಗೂ ಕಟ್ಬುಟ್ಟೀಯೆ ನೀನು."

ನೋಡಿ, ಬದುಕಿರುವ ತಮ್ಮನ ಹಿತ್ತಲಿಗೆ ಅವನ ಹೆಣಕ್ಕೆ ಹೆಂಡತಿಯನ್ನು ತಂದು ನೆಡುವ ಅಕ್ಕ ಎಲ್ಲಿದ್ದಾಳೆ? ನಾನು ಬೈದೆ. ಅವ್ವ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ಬದ್ಕಿದ್ದಾಗ ಒಂದು ಎಣ್ಣೂ ಒಪ್ಲಿಲ್ಲ. ಸತ್ ಮ್ಯಾಲಾದ್ರೂ ನನ್ನ ಮಾತು ಕೇಳ್ಲಿ" ಎಂದಳು. ಆಮೇಲೆ ಒಲೆಯ ಮುಂದೆ ಕೂತು ಅತ್ತಳು.

ಮಾವ ಆ ಗಿಡವನ್ನು ಕಿತ್ತು ಹಾಕುತ್ತಾನೆ ಅಂದುಕೊಂಡಿದ್ದೆ. ಅವನು ದಿನಾ ಅದಕ್ಕೆ ನೀರು ಹಾಕತೊಡಗಿದ. ಎಕ್ಕಕ್ಕೆ ಯಾರಾದರೂ ನೀರು ಹಾಕುತ್ತಾರೆಯೇ? ಬಂಡೆಯ ಸಂದಿಯಲ್ಲೂ ಬೆಳೆಯುವ ಜಾತಿ ಅದು. ಇವನು ಗೋಡೆ ಹಿಡಿದುಕೊಂಡು ಚೊಂಬಿನಲ್ಲಿ ನೀರು ಒಯ್ಯುತ್ತಿದ್ದ. "ಯಾಕ್ ಮಾವ, ಅದು ಬೇಡ ಅಂದೋನು ನೀನೇ ಅಲ್ವಾ?" ಎಂದೆ. "ಬ್ಯಾಡ ಅಂದಿದ್ದು ಮದ್ವೆಯ ಕಣವ್ವ. ಮನೆಗೆ ಬಂದೋಳ್ಗೆ ನೀರು ಕೊಡ್ಬ್ಯಾಡ್ವಾ?" ಎಂದ.

ಗಿಡ ಹೂವು ಬಿಟ್ಟಿತು. ಅಲ್ಲಿಗೆ ಮಾವನ ಕಸುಬು ಮುಗಿಯಿತು. ಆಗಿದ್ದಿಷ್ಟು. ನಮ್ಮ ಶಾಲೆಯ ಹೆಡ್‌ಮಾಸ್ಟರ ಮಗನ ಆರತಕ್ಷತೆ, ನಾಗಮಂಗಲದಲ್ಲಿ. ಈಗಿನ ಗಂಡುಗಳೆಲ್ಲ ಸರಪಳಿ ತೂಗುವ ಹೊಳೆಯುವ ಪಿನ್ನು ಚುಚ್ಚಿಕೊಳ್ಳುವ ಕಾಲ. ಮಾವನನ್ನು ಕರೆಯುವವರೇ ಇರಲಿಲ್ಲ. ಸಾಯುವ ಮೊದಲು ಒಂದು ಹೂವು ಮಾಡಲಿ ಅಂತ ನಾನೇ ಹೆಡ್‌ಮಾಸ್ಟರನ್ನು ಕಾಡಿ ಬೇಡಿ ಒಪ್ಪಿಸಿ, ಕಾರಿನಲ್ಲಿ ಮಲಗಿಸಿಕೊಂಡು ಕರೆತಂದೆ. ಅವನು ಡಬ್ಬಿ ತೆರೆದು ತೆಗೆದದ್ದೇನು? ಎಕ್ಕದ ಹೂವು. ಹಾಲು ಸೋರದಂತೆ ತೊಟ್ಟನ್ನು ದೀಪಕ್ಕೆ ಹಿಡಿದು ಸುಟ್ಟು, ತಂತಿ ಸುತ್ತಿ, ಎಷ್ಟು ಚೆನ್ನಾಗಿ ಕಟ್ಟಿದ್ದ ಅಂದರೆ, ಬಂದವರೆಲ್ಲ ಇದ್ಯಾವ ದೇಶದ ಆರ್ಕಿಡ್ಡು ಅಂತ ಬಗ್ಗಿ ನೋಡಿ ಕೇಳುವವರೇ. ಗಂಡು ಉಬ್ಬಿಹೋಯಿತು. ಅಷ್ಟರಲ್ಲಿ ಗಂಡಿನ ಅಜ್ಜಿ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂತು.

"ಅಯ್ಯೋ ನಿನ್ ಮನೆ ಕಾಯ್ವೋಗ, ಬದ್ಕಿರೋ ಮಗೀಗೆ ಎಕ್ಕದ ಊವ ಚುಚ್ಚಿದ್ದೀಯಲ್ಲೋ," ಎಂದು ಅಜ್ಜಿ ಕಿತ್ತೆಸೆದ ರಭಸಕ್ಕೆ ಕೋಟಿನ ಕಾಲರೇ ಹರಿದು ಬಂತು. ಹೆಡ್‌ಮಾಸ್ಟರು ಇವತ್ತಿಗೂ ನನ್ನನ್ನು ಮಾತಾಡಿಸುವುದಿಲ್ಲ. ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿದ್ದವನಿಗೆ ಬಾಯಿಗೆ ಬಂದಂತೆ ಬೈದೆ. ಎಲ್ಲ ಕೇಳಿಸಿಕೊಂಡು, "ಬೆಳಗಾದ್ರೂ ಬಾಡದೇ ಇರೋ ಊವು ಅದೊಂದೇ ಮಗ. ಒಂದ್ಸಲನಾದ್ರೂ ಬಾಡದೇ ಇರೋದ ಕೊಟ್ಟು ಓಗುವಾ ಅಂತಿದ್ದೆ," ಎಂದ. ಆಮೇಲೆ ಸ್ವಲ್ಪ ಸುಧಾರಿಸಿಕೊಂಡು, "ಆ ಗಿಡನ ಕಡೀಬ್ಯಾಡಿ ಅಂತ ನಿಮ್ಮವ್ವಂಗೆ ನೀನಾದ್ರೂ ಏಳು. ನನ್ನ ಮಾತು ಅವ್ಳು ಕೇಳಾಕಿಲ್ಲ" ಎಂದ. ನಾನು ಹೇಳಿದೆ. ಅವ್ವ ಅಕ್ಕಿ ಆರಿಸುತ್ತಲೇ ಇದ್ದಳು.

ಕೊನೆಯ ತಿಂಗಳು ನಾನು ರಜೆ ಹಾಕಿ ಅಲ್ಲೇ ಉಳಿದೆ. ಅವನಿಗೆ ಗಂಜಿಯೂ ಇಳಿಯುತ್ತಿರಲಿಲ್ಲ. ಮಾತು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಒಂದು ಬೆಳಗ್ಗೆ ಅವ್ವ ಮುಖ ಒರೆಸಲು ಹೋದವಳು, ಒರೆಸಿ ಮುಗಿಸಿ, ಬಟ್ಟೆ ಹಿಂಡಿ ಒಣಹಾಕಿ ಬಂದು, ನಿಮ್ಮ ಮಾವ ಹೋದ ಎಂದು ನನಗೆ ಹೇಳಿದಳು.

ಅಕ್ಕಿಹೆಬ್ಬಾಳಿನಿಂದ ದೊಡ್ಡಮಾವ, ಅಂದರೆ ಅವ್ವನ ಅಣ್ಣ, ಟೆಂಪೋದಲ್ಲಿ ಜನ ಕರೆದುಕೊಂಡು ಬಂದರು. ಒಬ್ಬನ ಕೈಯಲ್ಲಿ ಗುದ್ದಲಿ, ಇನ್ನೊಬ್ಬನ ಕೈಯಲ್ಲಿ ಮಚ್ಚು. ಏನು ಆಗಬೇಕು ಅಂತ ಯಾರಿಗೂ ಯಾರೂ ಹೇಳಬೇಕಾಗಿರಲಿಲ್ಲ. ಮಾವನಿಗೆ ಸ್ನಾನ ಮಾಡಿಸಿ ಬಿಳಿ ಪಂಚೆ ಉಡಿಸಿ ಗೋಡೆಗೆ ಒರಗಿಸಿದ್ದಾಯಿತು. ಹಿತ್ತಲಲ್ಲಿ ಗುದ್ದಲಿಯ ಮೊದಲ ಏಟು ಬೀಳುವ ಹೊತ್ತಿಗೆ ದೊಡ್ಡಮಾವ ಅವ್ವನ ಹತ್ತಿರ ಬಂದು, "ಅರಿಶಿನದ ಕೊಂಬು ಕೊಡವ್ವ" ಎಂದರು.

ನಾನು ಅವ್ವನ ಮುಖ ನೋಡಿದೆ. ಅವಳು ತಮ್ಮನ ಮುಖ ನೋಡುತ್ತಿದ್ದಳು.

"ಬ್ಯಾಡ. ಅವನ್ಗೆ ಮದ್ವೆ ಆಗದೆ" ಎಂದಳು.

ಹಿತ್ತಲಲ್ಲಿ ಗುದ್ದಲಿ ನಿಂತಿತು.

"ಯಾವಾಗವ್ವ? ಯಾರ್ ಜೊತೆ?" ಎಂದರು ದೊಡ್ಡಮಾವ.

"ಅಲ್ಲಿ ನಿಂತವ್ಳಲ್ಲ, ಅವ್ಳ ಜೊತೇಲೆ. ಅವನ್ಗೆ ಉಸ್ರು ಇದ್ದಾಗ್ಲೇ, ಅವನ್ ಕೈಲೇ ಕಟ್ಟುಸ್ದೆ."

"ಮದ್ವೆಗೆ ಯಾರಿದ್ರು?"

"ನಾನಿದ್ದೆ. ಸಾಕಲ್ಲ."

"ಒಂದ್ ಮಾತು ತಿಳುಸ್ಬಾರ್ದಾ? ಒಂದು ಊಟ ಬ್ಯಾಡ್ವಾ?"

"ಗಂಡಿಗೇ ಗಂಜಿ ಇಳೀತಿರ್ನಿಲ್ಲ, ನಿಂಗೇನ್ ಊಟ ಆಕ್ಲಿ?"

ದೊಡ್ಡಮಾವ ಹಿತ್ತಲಿಗೆ ಹೋಗಿ ಗಿಡವನ್ನು ಸುತ್ತ ನೋಡಿಕೊಂಡು ಬಂದರು. "ತಾಳಿ ಇಲ್ವಲ್ಲವ್ವ ಅದರಲ್ಲಿ."

"ಗಂಡ ಸತ್ತೋಳ ಕುತ್ಗೇಲಿ ತಾಳಿ ಇರ್ತದಾ? ಬೆಳಗ್ಗೆ ನಾನೇ ಬಿಚ್ಚಿವ್ನಿ. ಬದ್ಕಿರೋ ಗಂಡ ಕಟ್ಟಿರೋ ತಾಳಿ ಅಣ್ಣ ಅದು. ಈ ಮನೆ ಸೊಸೆ ಅವ್ಳು. ಯಾವನ್ಲಾ ಕಡಿಯೋನು, ಬನ್ನಿ ನೋಡ್ತೀನಿ."

ಯಾರೂ ಹೋಗಲಿಲ್ಲ. ಗುದ್ದಲಿ, ಮಚ್ಚು ಎರಡೂ ಟೆಂಪೋ ಸೇರಿದವು. ನಾನು ಬಾಯಿ ಬಿಡಲಿಲ್ಲ. ತಿಂಗಳಿಡೀ ನಾನು ಆ ಮನೆಯಲ್ಲೇ ಇದ್ದೆ. ಮದುವೆ ಹಾಗಿರಲಿ, ಅವನಿಗೆ ಕೈ ಎತ್ತಲೂ ಆಗುತ್ತಿರಲಿಲ್ಲ.

ಮೂರನೆಯ ದಿನ ಪಶ್ಚಿಮವಾಹಿನಿಯಲ್ಲಿ ಬೂದಿ ಬಿಟ್ಟೆವು. ಗಂಡಸರೆಲ್ಲ ಟೀ ಕುಡಿಯಲು ಹೋದರು. ಅವ್ವ ಒದ್ದೆ ಸೀರೆಯಲ್ಲಿ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ.

"ಅವ್ವ, ನೀನು ಮದ್ವೆ ಮಾಡ್ಸೇ ಇಲ್ಲ ಅಲ್ವಾ?"

"ಇಲ್ಲ ಕಣೇ."

ಹಾಗಾದರೆ ಅವಳ ನಂಬಿಕೆ ಹೋಯಿತೇನೋ, ತಮ್ಮನ ಮಾತೇ ಸರಿ ಅನ್ನಿಸಿತೇನೋ ಅಂದುಕೊಂಡು ನನಗೆ ಒಂಥರಾ ಹಗುರಾಯಿತು. "ಒಳ್ಳೇದೇ ಆಯ್ತು ಬುಡವ್ವ. ದಾರಿ ಸಿಗಲ್ಲ ಅನ್ನೋದೆಲ್ಲ ಸುಳ್ಳು" ಎಂದೆ.

ಅವ್ವ ನನ್ನ ಕಡೆ ತಿರುಗಿದಳು.

"ಸುಳ್ಳಲ್ಲ ಕಣೇ. ಅವನ್ಗೆ ಸಿಕ್ಕಾಕಿಲ್ಲ ದಾರಿ. ನನಗ್ ಗೊತ್ತು. ಅದ್ಕೇ ಅವನ್ ಕಿವೀಲಿ ಏಳಿ ಕಳ್ಸಿವ್ನಿ, ಎಲ್ಲೂ ಓಗ್ಬ್ಯಾಡ ಕಣಪ್ಪ, ಒಂದ್ ಕಡೆ ಕುಂತಿರು, ನಾನು ಬಂದು ಕೈ ಇಡ್ಕೊಂಡು ಕರ್ಕೊಂಡೋಯ್ತೀನಿ ಅಂತ."